ಚುನಾವಣೆ ಹೊಸ್ತಿಲಲ್ಲಿ ಬರುವ ಬಜೆಟ್ ಬ್ರಿಟನ್ನಿನ ಪಕ್ಷಗಳನ್ನು ಹೇಗೆ ಆಡಿಸುತ್ತದೆ?

ನೀವು ಕೇಳಿರುವುದು ಎರಡು ಪ್ರಶ್ನೆ. ಇಂಥ ಬಜೆಟ್‌ನಿಂದ ಆಡಳಿತ ಪಕ್ಷಕ್ಕೆ ವೋಟು ಬರುತ್ತದಾ, ಮತ್ತೆ ವಿರೋಧ ಪಕ್ಷ ಯಾಕೆ ಅದಕ್ಕೆ ಅಷ್ಟು ಹೆದರುತ್ತದೆ ಅಂತ. ಮೊದಲನೆಯದಕ್ಕೆ ನನ್ನ ಉತ್ತರ: ನಂಬಿಕೊಂಡು ಕೂರುವಷ್ಟು ಬರುವುದಿಲ್ಲ. ನಿಜವಾದ ಆಟ ಇರುವುದು ಎರಡನೆಯದರಲ್ಲಿ.

ಈಚಿನ ಉದಾಹರಣೆಯನ್ನೇ ತಗೊಳ್ಳಿ. 2024ರ ಮಾರ್ಚ್ 6ರಂದು ಹಣಕಾಸು ಸಚಿವ ಜೆರೆಮಿ ಹಂಟ್ ಬಜೆಟ್ ಮಂಡಿಸಿದರು. ಕನ್ಸರ್ವೇಟಿವ್ ಪಕ್ಷ ಅಧಿಕಾರಕ್ಕೆ ಬಂದು 14 ವರ್ಷ ಆಗುತ್ತಾ ಬಂದಿತ್ತು, ಸಮೀಕ್ಷೆಗಳಲ್ಲಿ ಲೇಬರ್ ಪಕ್ಷಕ್ಕಿಂತ ಎಷ್ಟೋ ಹಿಂದೆ ಬಿದ್ದಿತ್ತು. ಸಂಬಳದಲ್ಲಿ ಹಿಡಿದುಕೊಳ್ಳುವ ನ್ಯಾಷನಲ್ ಇನ್ಶೂರೆನ್ಸ್ ಅನ್ನು (ಪಿಂಚಣಿ, ಭತ್ಯೆಗಳಿಗೆ ಅಂತ ಕಟ್ಟುವ, ತೆರಿಗೆಯಂಥದ್ದೇ ವಂತಿಗೆ) ಹಂಟ್ ಶೇ. 10ರಿಂದ 8ಕ್ಕೆ ಇಳಿಸಿದರು. ಅದೇ ಜನವರಿಯಲ್ಲಿ 12ರಿಂದ 10ಕ್ಕೆ ಇಳಿದಿತ್ತು. ವರ್ಷಕ್ಕೆ 35,000 ಪೌಂಡ್ ಸಂಬಳ ಇರುವವರಿಗೆ ಈ ಎರಡನೇ ಇಳಿಕೆಯಿಂದ ಸುಮಾರು 450 ಪೌಂಡ್ ಉಳಿಯಿತು, ಅಂದರೆ ತಿಂಗಳಿಗೆ 37 ಪೌಂಡ್ ಚಿಲ್ಲರೆ. ನಾನೂ ಇಲ್ಲಿ ಸಂಬಳಕ್ಕೆ ದುಡಿಯುವವನೇ, ಏಪ್ರಿಲ್ ತಿಂಗಳ ಪೇಸ್ಲಿಪ್‌ನಲ್ಲಿ ಆ ಒಂದು ಅಂಕಿ ಸಣ್ಣದಾಗಿದ್ದು ಕಾಣಿಸಿತು. ಆದರೆ ಆದಾಯ ತೆರಿಗೆ ಶುರುವಾಗುವ 12,570 ಪೌಂಡ್ ಮಿತಿ 2021ರಿಂದ ಒಂದು ಪೌಂಡೂ ಅಲುಗಿಲ್ಲ. ಬೆಲೆ ಏರಿದ ಹಾಗೆ ಸಂಬಳ ಏರುತ್ತದೆ, ಮಿತಿ ಏರುವುದಿಲ್ಲ, ಹಾಗಾಗಿ ಪ್ರತಿ ವರ್ಷ ಸಂಬಳದ ಇನ್ನಷ್ಟು ಭಾಗ ತೆರಿಗೆಗೆ ಸಿಗುತ್ತದೆ. ಒಂದು ಕೈಯಲ್ಲಿ ಕೊಟ್ಟು ಇನ್ನೊಂದು ಕೈಯಲ್ಲಿ ಕಿತ್ತುಕೊಂಡಿದ್ದು ಜನರಿಗೆ ಗೊತ್ತಾಗದೇ ಇರುತ್ತದಾ?

ಇದರಲ್ಲಿ ಇನ್ನೊಂದು ಎಡವಟ್ಟು ಇತ್ತು. ಪಿಂಚಣಿದಾರರು ನ್ಯಾಷನಲ್ ಇನ್ಶೂರೆನ್ಸ್ ಕಟ್ಟುವುದೇ ಇಲ್ಲ, ಮಿತಿ ಅಲುಗದೇ ಇದ್ದಿದ್ದರ ಬಿಸಿ ಮಾತ್ರ ಅವರಿಗೂ ತಟ್ಟುತ್ತದೆ. ಕನ್ಸರ್ವೇಟಿವ್ ಪಕ್ಷಕ್ಕೆ ಗಟ್ಟಿಯಾಗಿ ವೋಟು ಹಾಕುತ್ತಿದ್ದವರು ಯಾರು ಅಂದರೆ ಇವರೇ! ಕೊನೆಗೆ ಮೇ ತಿಂಗಳಲ್ಲಿ, ಪ್ರಚಾರ ಶುರುವಾದ ಮೇಲೆ, ಪಿಂಚಣಿದಾರರ ಆದಾಯ ತೆರಿಗೆ ಮಿತಿಯನ್ನು ಮಾತ್ರ ಏರಿಸುತ್ತೇವೆ ಅಂತ ‘ಟ್ರಿಪಲ್ ಲಾಕ್ ಪ್ಲಸ್’ ಹೆಸರಲ್ಲಿ ಪ್ರಧಾನಿ ರಿಷಿ ಸುನಕ್ ಹೊಸ ಭರವಸೆ ಕೊಟ್ಟರು. ಬಜೆಟ್‌ನಲ್ಲಿ ಮಾಡಬಹುದಾಗಿದ್ದ ಕೆಲಸ.

ಈಗ ಎದುರು ಬೆಂಚಿನ ಕಡೆ ನೋಡಿ. ಬ್ರಿಟನ್ನಿನಲ್ಲಿ ಹಣಕಾಸು ಸಚಿವರು ಕೂತ ಕೂಡಲೇ ಉತ್ತರ ಕೊಡಬೇಕಾದವರು ವಿರೋಧ ಪಕ್ಷದ ನಾಯಕರು. ಕೈಯಲ್ಲಿ ಭಾಷಣದ ಪ್ರತಿ ಇರುವುದಿಲ್ಲ, ಕೇಳಿಸಿಕೊಂಡಿದ್ದರ ಮೇಲೇ ಮಾತಾಡಬೇಕು. ಅವತ್ತು ಆ ಪಾಡು ಲೇಬರ್ ನಾಯಕ ಕೀರ್ ಸ್ಟಾರ್ಮರ್ ಅವರದು. ಲೇಬರ್ ಪಕ್ಷ ಬಹಳ ದಿನದಿಂದ ‘ನಾನ್-ಡಾಮ್’ ಸವಲತ್ತು ತೆಗೆದು, ಆ ದುಡ್ಡಲ್ಲಿ ಆಸ್ಪತ್ರೆ ಮತ್ತು ಶಾಲೆಯ ಬೆಳಗಿನ ತಿಂಡಿಗೆ ಖರ್ಚು ಮಾಡುತ್ತೇವೆ ಅಂತ ಹೇಳಿಕೊಂಡು ಬಂದಿತ್ತು. ಬ್ರಿಟನ್ನಿನಲ್ಲಿ ವಾಸ ಇದ್ದರೂ ಹೊರದೇಶದ ಆದಾಯಕ್ಕೆ ಇಲ್ಲಿ ತೆರಿಗೆ ಕಟ್ಟದೇ ಇರಬಹುದಾಗಿತ್ತು, ಆ ಸವಲತ್ತು ಇದು. ನಮ್ಮವರಿಗೆ ಇದು ಹೊಸದಲ್ಲ, 2022ರಲ್ಲಿ ನಾರಾಯಣ ಮೂರ್ತಿಯವರ ಮಗಳು ಅಕ್ಷತಾ ಅವರ ಹೆಸರಲ್ಲಿ ಗಲಾಟೆ ಆಗಿದ್ದು, ಕೊನೆಗೆ ಅವರು ಎಲ್ಲಾ ಆದಾಯಕ್ಕೂ ಇಲ್ಲೇ ತೆರಿಗೆ ಕಟ್ಟುತ್ತೇನೆ ಅಂದಿದ್ದು ಇದೇ ವಿಷಯಕ್ಕೆ. ಅವರ ಗಂಡನ ಸರ್ಕಾರದ ಬಜೆಟ್‌ನಲ್ಲೇ ಹಂಟ್ ಆ ಸವಲತ್ತನ್ನು ರದ್ದು ಮಾಡಿ, ಅದರ ದುಡ್ಡನ್ನು ತೆರಿಗೆ ಇಳಿಕೆಗೆ ಹಾಕಿಬಿಟ್ಟರು. ಲೇಬರ್ ಈಗ ಏನು ಮಾಡಬೇಕು? ತಮ್ಮದೇ ಯೋಜನೆ, ಬೇಡ ಅನ್ನುವ ಹಾಗಿಲ್ಲ. ತೆರಿಗೆ ಇಳಿಕೆಯನ್ನು ವಿರೋಧಿಸುವ ಹಾಗೂ ಇಲ್ಲ. ಬಿಸಿ ತುಪ್ಪ. ಲೇಬರ್ ಪಕ್ಷದಲ್ಲಿ ಹಣಕಾಸು ವಿಷಯ ನೋಡಿಕೊಳ್ಳುತ್ತಿದ್ದ ರೇಚಲ್ ರೀವ್ಸ್ ಏಪ್ರಿಲ್‌ನಲ್ಲಿ ತೆರಿಗೆ ಕಳ್ಳತನ ತಡೆದು, ನಾನ್-ಡಾಮ್‌ನಲ್ಲಿ ಉಳಿದ ಸಂದುಗಳನ್ನು ಮುಚ್ಚಿ ಹಣ ಹೊಂದಿಸುತ್ತೇವೆ ಅಂತ ಹೊಸ ಲೆಕ್ಕ ಕೊಡಬೇಕಾಯಿತು.

(ಇಂಥ ಬಜೆಟ್ ಸ್ವಂತ ಪಕ್ಷದವರಿಗೂ ಕಚ್ಚುತ್ತದೆ. ಉತ್ತರ ಸಮುದ್ರದ ತೈಲ ಕಂಪನಿಗಳ ಮೇಲಿನ ಹೆಚ್ಚುವರಿ ತೆರಿಗೆಯನ್ನು ಇನ್ನೊಂದು ವರ್ಷ ಮುಂದುವರಿಸಿದ್ದಕ್ಕೆ ಸ್ಕಾಟ್ಲೆಂಡಿನ ಕನ್ಸರ್ವೇಟಿವ್ ನಾಯಕ ಡಗ್ಲಸ್ ರಾಸ್ ಬಹಿರಂಗವಾಗಿಯೇ ತಿರುಗಿ ಬಿದ್ದರು.)

ಲೇಬರ್ ಇಷ್ಟು ಹುಷಾರಾಗಿದ್ದಕ್ಕೆ 1992ರ ಕಥೆ ಗೊತ್ತಿರಬೇಕು. ಮಾರ್ಚ್ 10ರಂದು ಕನ್ಸರ್ವೇಟಿವ್ ಹಣಕಾಸು ಸಚಿವ ನಾರ್ಮನ್ ಲಾಮಾಂಟ್ ಬಜೆಟ್ ಮಂಡಿಸಿದರು, ಮಾರನೇ ದಿನವೇ ಪ್ರಧಾನಿ ಜಾನ್ ಮೇಜರ್ ಚುನಾವಣೆ ಘೋಷಿಸಿದರು. ಆದಾಯ ತೆರಿಗೆಯ ಮೂಲ ದರ ಶೇ. 25 ಇತ್ತು, ಅದನ್ನು ಎಲ್ಲರಿಗೂ ಇಳಿಸುತ್ತಾರೆ ಅಂತ ಲೇಬರ್‌ನವರು ಕಾಯುತ್ತಿದ್ದರು. ಲಾಮಾಂಟ್ ಬೇರೆ ದಾರಿ ಹಿಡಿದರು. ತೆರಿಗೆ ಬೀಳುವ ಆದಾಯದ ಮೊದಲ 2,000 ಪೌಂಡ್‌ಗೆ ಮಾತ್ರ ಶೇ. 20 ಅಂದರು. ಲೆಕ್ಕದಲ್ಲಿ ಬಡವರಿಗೇ ಜಾಸ್ತಿ ಅನುಕೂಲ ಅನ್ನಿಸುವ ಹಾಗಿತ್ತು. ಲೇಬರ್ ಅದನ್ನೇ ವಿರೋಧಿಸಿ ವೋಟು ಹಾಕಿತು! ಸಾಲದ್ದಕ್ಕೆ ಲೇಬರ್‌ನಲ್ಲಿ ಹಣಕಾಸು ನೋಡಿಕೊಳ್ಳುತ್ತಿದ್ದ ಜಾನ್ ಸ್ಮಿತ್ ಒಂದು ‘ನೆರಳು ಬಜೆಟ್’, ಅಂದರೆ ನಾವು ಗೆದ್ದರೆ ಹೀಗೆ ಅನ್ನುವ ಲೆಕ್ಕ ತಂದು, ಪಿಂಚಣಿ ಮತ್ತು ಮಕ್ಕಳ ಭತ್ಯೆ ಏರಿಸುತ್ತೇವೆ, ಅದಕ್ಕೆ ಜಾಸ್ತಿ ಆದಾಯದವರು ಕಟ್ಟುವ ಮೇಲಿನ ತೆರಿಗೆ ದರ ಶೇ. 50 ಮಾಡುತ್ತೇವೆ ಅಂತ ಪ್ರಾಮಾಣಿಕವಾಗಿ ಹೇಳಿಬಿಟ್ಟರು. ಚುನಾವಣೆ ಸೋತರು. ಸೋಲಿಗೆ ಅದೊಂದೇ ಕಾರಣ ಅಂತ ನಾನು ಹೇಳುವುದಿಲ್ಲ. ಆದರೆ ಪಕ್ಷದ ಒಳಗೆ ಹಾಗೆ ನಂಬಿದವರು ಬಹಳ ಜನ. 1997ರ ಜನವರಿಯಲ್ಲಿ ಲೇಬರ್‌ನ ಗಾರ್ಡನ್ ಬ್ರೌನ್ ಆದಾಯ ತೆರಿಗೆ ದರ ಏರಿಸುವುದಿಲ್ಲ, ಎರಡು ವರ್ಷ ಕನ್ಸರ್ವೇಟಿವ್‌ಗಳ ಖರ್ಚಿನ ಮಿತಿಯನ್ನೇ ಪಾಲಿಸುತ್ತೇವೆ ಅಂತ ಮಾತು ಕೊಟ್ಟಿದ್ದು ಆ ನಂಬಿಕೆಯಿಂದಲೇ.

ಹಾಗಂತ ಕೊಟ್ಟವರಿಗೂ ಬಿಡುಗಡೆ ಇಲ್ಲ. 1955ರ ಏಪ್ರಿಲ್‌ನಲ್ಲಿ ಕನ್ಸರ್ವೇಟಿವ್ ಹಣಕಾಸು ಸಚಿವ ಬಟ್ಲರ್ ಆದಾಯ ತೆರಿಗೆ ಇಳಿಸಿದರು, ಮೇನಲ್ಲಿ ಪಕ್ಷ ಗೆದ್ದಿತು, ಅಕ್ಟೋಬರ್‌ನಲ್ಲಿ ಅದೇ ಬಟ್ಲರ್ ತುರ್ತು ಬಜೆಟ್ ತಂದು ಅಡುಗೆಮನೆ ಸಾಮಾನಿನ ಮೇಲೂ ತೆರಿಗೆ ಹಾಕಿದರು. ಜನ ಅದಕ್ಕೆ ‘ಪಾತ್ರೆ ಪಗಡದ ಬಜೆಟ್’ ಅಂತ ಹೆಸರಿಟ್ಟರು. ಡಿಸೆಂಬರ್‌ನಲ್ಲಿ ಅವರ ಖಾತೆಯೇ ಬದಲಾಯಿತು.

ಸಮ್ಮಿಶ್ರ ಸರ್ಕಾರ ಇದ್ದರಂತೂ ತಮಾಷೆ. 2015ರ ಮಾರ್ಚ್ 18ರಂದು ಕನ್ಸರ್ವೇಟಿವ್ ಹಣಕಾಸು ಸಚಿವ ಜಾರ್ಜ್ ಆಸ್ಬಾರ್ನ್ ಮಾಮೂಲಿ ಕೆಂಪು ಪೆಟ್ಟಿಗೆ ಹಿಡಿದು ಬಂದು ಬಜೆಟ್ ಓದಿದರು. ಮಾರನೇ ದಿನ ಅದೇ ಸರ್ಕಾರದ ಲಿಬರಲ್ ಡೆಮಾಕ್ರಾಟ್ ಸಚಿವ ಡ್ಯಾನಿ ಅಲೆಕ್ಸಾಂಡರ್ ತಮ್ಮ ಪಕ್ಷದ ಬಣ್ಣದ ಹಳದಿ ಪೆಟ್ಟಿಗೆ ಹಿಡಿದು ಫೋಟೋಗೆ ನಿಂತು, ನಾವಾದರೆ ಹೀಗೆ ಮಾಡುತ್ತಿದ್ದೆವು ಅಂತ ಬೇರೆ ಲೆಕ್ಕ ಒಪ್ಪಿಸಿದರು. ಮೇನಲ್ಲಿ ತಮ್ಮ ಸೀಟನ್ನೇ ಕಳೆದುಕೊಂಡರು.

ವಾಪಸ್ 2024ಕ್ಕೆ. ಜುಲೈ 4ರ ಚುನಾವಣೆಯಲ್ಲಿ ಕನ್ಸರ್ವೇಟಿವ್ ಪಕ್ಷಕ್ಕೆ ಬಂದಿದ್ದು 121 ಸೀಟು. ವೋಟಿನ ಲೆಕ್ಕದಲ್ಲಿ ಬಜೆಟ್ ಫ್ಲಾಪ್, ಅಲ್ವಾ? ಆದರೆ ಲೇಬರ್ ಗೆಲ್ಲುವ ಹೊತ್ತಿಗೆ ಆದಾಯ ತೆರಿಗೆ ದರ, ನ್ಯಾಷನಲ್ ಇನ್ಶೂರೆನ್ಸ್, ವ್ಯಾಟ್ ಮೂರನ್ನೂ ಏರಿಸುವುದಿಲ್ಲ ಅಂತ ಬರೆದುಕೊಟ್ಟಾಗಿತ್ತು. ಸರ್ಕಾರಕ್ಕೆ ಅತಿ ಹೆಚ್ಚು ದುಡ್ಡು ಬರುವುದೇ ಈ ಮೂರರಿಂದ. ಅದಕ್ಕೇ ಅಕ್ಟೋಬರ್‌ನಲ್ಲಿ, ಹಣಕಾಸು ಸಚಿವೆಯಾಗಿದ್ದ ರೀವ್ಸ್ ನೌಕರರ ಪಾಲು ಮುಟ್ಟದೆ, ಮಾಲೀಕರ ಪಾಲಿನ ನ್ಯಾಷನಲ್ ಇನ್ಶೂರೆನ್ಸ್ ಅನ್ನು ಶೇ. 13.8ರಿಂದ 15ಕ್ಕೆ ಏರಿಸಿದರು, ಮಾತು ತಪ್ಪಿದರು ಅಂತ ಬೈಸಿಕೊಂಡರು. 12,570ರ ಮಿತಿಯನ್ನು 2028ರ ಆಚೆಗೆ ಹಾಗೇ ಇಡುವುದಿಲ್ಲ ಅಂತ ಅವತ್ತು ಹೇಳಿದ್ದವರು, 2025ರ ನವೆಂಬರ್ ಬಜೆಟ್‌ನಲ್ಲಿ ಅದನ್ನು 2031ರವರೆಗೆ ಎಳೆದರು. ಈ ಮಿತಿಗೆ ಮೊದಲು ಬೀಗ ಹಾಕಿದ್ದು 2021ರಲ್ಲಿ, ಆಗ ಹಣಕಾಸು ಸಚಿವರಾಗಿದ್ದ ರಿಷಿ ಸುನಕ್.