ಅಮೆರಿಕದ ಟ್ರಕ್ ಚಾಲಕರು, ಗೋದಾಮು ಕೆಲಸಗಾರರು ಮುಂತಾದವರ ಟೀಮ್‌ಸ್ಟರ್ಸ್ ಯೂನಿಯನ್‌ನಲ್ಲಿ ಯಾವ ಸದಸ್ಯ ಬೇಕಾದರೂ ಅಧಿವೇಶನದ ಪ್ರತಿನಿಧಿ ಸ್ಥಾನಕ್ಕೆ ನಿಲ್ಲಬಹುದಾ?

ಇಲ್ಲ, ಬರೀ ಸದಸ್ಯರಾಗಿದ್ದರೆ ಸಾಲದು. ನಾಮಪತ್ರದ ತಿಂಗಳಿಗೆ ಮುಂಚಿನ 24 ತಿಂಗಳು ಚಂದಾ ಬಾಕಿ ಇರಬಾರದು. ಅಷ್ಟೂ ಕಾಲ ತಮ್ಮ ಸ್ಥಳೀಯ ಘಟಕದ ವ್ಯಾಪ್ತಿಗೆ ಬರುವ ಕಸುಬಿನಲ್ಲೇ ದುಡಿದಿರಬೇಕು. ನಡುವೆ ಕೆಲಸ ಹೋಗಿದ್ದರೂ, ಬೇರೆ ಕಸುಬಿಗೆ ಹೋಗದೆ ಅದರಲ್ಲೇ ಕೆಲಸ ಹುಡುಕುತ್ತಿದ್ದರೆ ಪರವಾಗಿಲ್ಲ. ನ್ಯಾಯವಾದ ರಿಯಾಯಿತಿ, ಅಲ್ವಾ?

ಗೊಂದಲ ಜಾಸ್ತಿ ಇರೋದು ಚಂದಾ ವಿಷಯದಲ್ಲಿ. ನಿಮ್ಮ ಒಪ್ಪಿಗೆಯಂತೆ ಸಂಬಳದಲ್ಲಿ ಚಂದಾ ಮುರಿದುಕೊಂಡ ಕಂಪನಿ ಅದನ್ನು ಯೂನಿಯನ್‌ಗೆ ತಡವಾಗಿ ಕಟ್ಟಿದರೆ? ಆ ಕಾರಣಕ್ಕೆ ನಿಮ್ಮನ್ನು ಅನರ್ಹ ಮಾಡುವಂತಿಲ್ಲ. ಕಾರ್ಮಿಕ ಸಂಘಗಳ ಬಗ್ಗೆ ಅಮೆರಿಕ ಮಾಡಿದ 1959ರ ಕಾನೂನೇ ಹಾಗೆ ಹೇಳುತ್ತದೆ.

ಇಷ್ಟು ಬಿಗಿ ಯಾಕೆಂದರೆ, ಯೂನಿಯನ್ನಿನ ಅಧ್ಯಕ್ಷ ಸ್ಥಾನಕ್ಕೆ ಯಾರ್ಯಾರ ಹೆಸರು ಮತಪತ್ರದಲ್ಲಿ ಬರಬೇಕು ಅನ್ನೋದು ಈ ಪ್ರತಿನಿಧಿಗಳ ಕೈಲಿದೆ. ಹಾಗಂತ ಷರತ್ತು ವಿಪರೀತವಾಗುವಂತೆಯೂ ಇಲ್ಲ. ಪದಾಧಿಕಾರಿಯಾಗಲು ಮೂರು ವರ್ಷದ ಅರ್ಧದಷ್ಟು ಸಭೆಗಳಿಗೆ ಬಂದಿರಬೇಕೆಂಬ ಉಕ್ಕು ಕಾರ್ಮಿಕರ ಯೂನಿಯನ್ನಿನ ನಿಯಮವನ್ನು 1977ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಒಪ್ಪಲಿಲ್ಲ.