ಕಲಬುರಗಿಯಲ್ಲಿ ಕಡಿಮೆ ಬಾಡಿಗೆಯ ಮನೆ: ಮೊದಲು ಮೀಟರ್ ನೋಡಿ, ಆಮೇಲೆ ಬಾಡಿಗೆ ಕೇಳಿ

ಯಾದಗಿರಿ ಕಡೆಯ ಹಳ್ಳಿಯಿಂದ ಬರುತ್ತಿದ್ದೀರಿ. ಕಲಬುರಗಿಯ ಖಾಸಗಿ ಆಸ್ಪತ್ರೆಯಲ್ಲಿ ನರ್ಸ್ ಕೆಲಸ, ಸಂಬಳ 15,000. ಜೊತೆಗೆ ಅಮ್ಮ, ಡಿಗ್ರಿ ಓದುವ ತಮ್ಮ. ಎಷ್ಟರೊಳಗೆ ಮನೆ ನೋಡಬೇಕು, ಬಾಡಿಗೆಗೆ ಸರ್ಕಾರದಿಂದ ಏನಾದರೂ ಸಹಾಯ ಸಿಗುತ್ತಾ ಅಂತ ಕೇಳಿದ್ದೀರಿ. ನಾನು ಮದುವೆಯಾಗಿ ಈ ಊರಿಗೆ ಬಂದಾಗಿನಿಂದ ಬಾಡಿಗೆ ಮನೆಯಲ್ಲೇ ಇರುವವಳು. ಗೊತ್ತಿರುವುದನ್ನು ಹೇಳುತ್ತೇನೆ.

ಸಹಾಯದ ಮಾತು ಮೊದಲು. ದುಡಿಯುವ ಕುಟುಂಬಕ್ಕೆ ತಿಂಗಳು ತಿಂಗಳು ಬಾಡಿಗೆ ಕಟ್ಟಿಕೊಡುವ ಯೋಜನೆ ನಮ್ಮಲ್ಲಿಲ್ಲ. ಪ್ರಧಾನಮಂತ್ರಿ ಆವಾಸ್, ರಾಜೀವ್ ಗಾಂಧಿ ವಸತಿ ನಿಗಮದ ಯೋಜನೆಗಳು ಹೆಚ್ಚಾಗಿ ಸ್ವಂತ ಮನೆಗೆ ಅಂತ ಇರುವವು. ಅರ್ಜಿ ಹಾಕಿ, ತಪ್ಪಿಲ್ಲ. ಆದರೆ ಈ ತಿಂಗಳ ಬಾಡಿಗೆಗೆ ಅವು ಆಗಿಬರಲ್ಲ. ಹಾಗಂತ ಕೈಚೆಲ್ಲಿ ಕೂರಬೇಡಿ. ಲೈಟ್ ಬಿಲ್, ಬಸ್ಸು, ರೇಷನ್, ತಮ್ಮನ ವಸತಿ, ಈ ನಾಲ್ಕರಲ್ಲೂ ನಿಮಗೆ ಸಿಗಬೇಕಾದದ್ದು ಇದೆ. ಅದೆಲ್ಲ ಸಿಗುವಂಥ ಮನೆ ಆರಿಸಿಕೊಂಡರೆ ಸಂಬಳದಲ್ಲಿ ಒಂದಿಷ್ಟು ಉಳಿಯುತ್ತದೆ. ತಪ್ಪು ಮನೆ ಹಿಡಿದರೆ ಬಾಡಿಗೆ ಕಡಿಮೆ ಇದ್ದೂ ತಿಂಗಳ ಕೊನೆಗೆ ಕೈ ಖಾಲಿ.

ಅದಕ್ಕೇ ಮನೆ ನೋಡಲು ಹೋದಾಗ ನಾನು ಮೊದಲು ಕೇಳೋದು ಬಾಡಿಗೆ ಅಲ್ಲ. ‘ಮೀಟರ್ ಬ್ಯಾರೆ ಐತೇನ್ರಿ?’ ಅಂತ. ಉಚಿತ ಕರೆಂಟಿನ ಗೃಹಜ್ಯೋತಿ ಸಿಗೋದು ಮೀಟರಿನ ಆರ್‌ಆರ್ ನಂಬರಿಗೆ, ಅಂದರೆ ಲೈಟ್ ಬಿಲ್ ಮೇಲಿರುವ ಸಂಪರ್ಕದ ನಂಬರಿಗೆ. ಬಾಡಿಗೆದಾರರಿಗೂ ಸಿಗುತ್ತದೆ. 200 ಯೂನಿಟ್ ಅನ್ನೋದು ಮೇಲಿನ ಮಿತಿ ಅಷ್ಟೇ, ಎಲ್ಲರಿಗೂ 200 ಉಚಿತ ಅಲ್ಲ. ಹಳೆಯ ಬಳಕೆಯ ಸರಾಸರಿ ಹಿಡಿದು ಉಚಿತ ಎಷ್ಟು ಅಂತ ಗೊತ್ತು ಮಾಡುತ್ತಾರೆ. ಅದಕ್ಕಿಂತ ಜಾಸ್ತಿ ಉರಿಸಿದರೆ ಆ ಜಾಸ್ತಿಗೆ ಮಾತ್ರ ಕಟ್ಟಬೇಕು. ಆದರೆ 200 ದಾಟಿತೋ, ಪೂರ್ತಿ ಬಿಲ್ ನಿಮ್ಮ ತಲೆಗೆ.

ಈಗ ಯೋಚನೆ ಮಾಡಿ. ನಮ್ಮ ಓಣಿಗಳಲ್ಲಿ ಎಷ್ಟೋ ಕಡೆ ಮೂರು ಸಂಸಾರಕ್ಕೆ ಒಂದೇ ಮೀಟರ್. ಒಳಗೆ ಮಾಲೀಕರೇ ಹಾಕಿಸಿದ ಸಬ್ ಮೀಟರ್. ಮೂರು ಮನೆಯದ್ದು ಕೂಡಿದರೆ 200 ದಾಟೋದು ಏನು ದೊಡ್ಡ ಮಾತು? ಬೇಸಿಗೆಯಲ್ಲಿ 200 ವ್ಯಾಟಿನ ಒಂದು ಕೂಲರ್ ದಿನಕ್ಕೆ 10 ತಾಸು ಓಡಿದರೆ ಅದೊಂದೇ ತಿಂಗಳಿಗೆ 60 ಯೂನಿಟ್. 4,000 ಬಾಡಿಗೆಯ ಮನೆಯಲ್ಲಿ ಸಬ್ ಮೀಟರ್ ಲೆಕ್ಕದಲ್ಲಿ ಯೂನಿಟ್‌ಗೆ 10 ರೂಪಾಯಿಯಂತೆ 80 ಯೂನಿಟ್ ಕಟ್ಟಿದರೆ 4,800 ಆಯಿತು. ಪಕ್ಕದಲ್ಲೇ ಸ್ವಂತ ಮೀಟರಿನ 4,500ರ ಮನೆ ಇದ್ದರೆ ಅದೇ ಅಗ್ಗ. ನನ್ನ ಮಾತು ಕೇಳೋದಾದರೆ ಬಾಡಿಗೆ, ಲೈಟು, ನೀರು ಎಲ್ಲ ಸೇರಿ 5,000 ದಾಟದ ಮನೆ ನೋಡಿ.

ಮೀಟರ್ ಬೇರೆ ಇದೆ ಅಂದರೆ ಹಿಂದಿನವರ ಆಧಾರ್ ಆ ನಂಬರಿಗೆ ಇನ್ನೂ ಅಂಟಿಕೊಂಡಿದೆಯಾ ಅಂತ ವಿಚಾರಿಸಿ. ಇದ್ದರೆ ಡಿ-ಲಿಂಕ್ ಮಾಡಿಸಬೇಕು. ಆಮೇಲೆ ಸರ್ಕಾರದ ಸೇವಾಸಿಂಧು ಪೋರ್ಟಲ್‌ನಲ್ಲಿ ನಿಮ್ಮ ಆಧಾರ್ ಜೋಡಿಸಿ ಅರ್ಜಿ ಹಾಕಬೇಕು. ಗೊತ್ತಾಗದಿದ್ದರೆ ಕರೆಂಟ್ ಕಂಪನಿ ಜೆಸ್ಕಾಂನ ಕಚೇರಿಗೆ ಹೋಗಿ ಕೇಳಿ. ಬಾಡಿಗೆದಾರರು ಅಂತ ತೋರಿಸಲು ಕರಾರು ಪತ್ರ ಬೇಕಾಗುತ್ತದೆ. ‘ಬಾಂಡ್ ಗೀಂಡ್ ಯಾಕ್ರಿ, ನಂಬಿಕಿ ಮ್ಯಾಲ ಇರ್ರಿ’ ಅನ್ನೋ ಮಾಲೀಕರು ಒಳ್ಳೆಯವರೇ ಇರಬಹುದು. ಆದರೂ ಬಿಡಬೇಡಿ, ಬರೆಸಿಕೊಳ್ಳಿ.

ಎರಡನೆಯದು ಬಿಸಿಲು. ನೀವು ಈ ಕಡೆಯವರೇ, ಹೊಸದಾಗಿ ಹೇಳಬೇಕಿಲ್ಲ. ಆದರೂ ಮನೆ ನೋಡೋಕೆ ಜನ ಸಂಜೆ ತಂಪೊತ್ತಿನಲ್ಲಿ ಹೋಗುತ್ತಾರೆ, ಅದೇ ಸಮಸ್ಯೆ. ಮಧ್ಯಾಹ್ನ ಎರಡು ಗಂಟೆಗೆ ಹೋಗಿ. ಒಳಗೆ ಹೋಗಿ ಪಡುವಣ ಗೋಡೆಗೆ ಅಂಗೈ ಇಟ್ಟು ನೋಡಿ. ಐದು ನಿಮಿಷ ಫ್ಯಾನ್ ಹಾಕಿಸಿ ಕೆಳಗೆ ನಿಲ್ಲಿ, ಬಿಸಿ ಗಾಳಿ ತಲೆ ಮೇಲೆ ಬೀಳುತ್ತಾ ನೋಡಿ. ಪತ್ರಾಸ್ ಮನೆ, ಅಂದರೆ ತಗಡಿನ ಸೂರಿನದ್ದು, ಸೋವಿ ಸಿಗುತ್ತದೆ. ಆದರೆ ಏಪ್ರಿಲ್, ಮೇ ತಿಂಗಳಲ್ಲಿ ಅಮ್ಮ ಹಗಲೆಲ್ಲ ಅದರೊಳಗೆ ಇರಬೇಕಲ್ವಾ? ರಾತ್ರಿ ಪಾಳಿ ಮುಗಿಸಿ ಬಂದು ಹಗಲು ಮಲಗಬೇಕಾದವರು ನೀವು. ನರ್ಸ್ ಕೆಲಸದಲ್ಲಿ ನಿದ್ದೆ ಕೆಟ್ಟರೆ ನಡೆಯಲ್ಲ. ಮೇಲೆ ಇನ್ನೊಂದು ಮಹಡಿ ಇರುವ ನೆಲಮಹಡಿಯ ಮನೆ, ನೆಲಕ್ಕೆ ಶಹಾಬಾದ್ ಪರ್ಸಿ ಕಲ್ಲು ಹಾಕಿದ್ದು ಸಿಕ್ಕರೆ ಸ್ವಲ್ಪ ಹಳೆಯದಾದರೂ ಒಪ್ಪಿಕೊಳ್ಳಿ.

ನೀರಿನ ವಿಷಯ ಮಾಲೀಕರನ್ನು ಕೇಳಬೇಡಿ, ಪಕ್ಕದ ಮನೆಯ ಹೆಣ್ಣುಮಕ್ಕಳನ್ನು ಕೇಳಿ. ‘ಅಕ್ಕಾರ, ನಳದ ನೀರ ಎಷ್ಟ ದಿನಕ್ಕೊಮ್ಮಿ ಬರ್ತಾವ್ರಿ?’ ಅಂದರೆ ಸಾಕು, ಪೂರ್ತಿ ಕತೆ ಹೇಳುತ್ತಾರೆ. ಈ ಊರಲ್ಲಿ ಕೆಲವು ವಾರ್ಡುಗಳಿಗೆ ದಿನವಿಡೀ ನೀರು ಬರುತ್ತದೆ, ಉಳಿದ ಕಡೆ ದಿನ ಬಿಟ್ಟು ದಿನ ಅಲ್ಲ, ಇನ್ನೂ ತಡ. ಬೋರ್ ನೀರು ಇದೆ ಅಂದರೂ ಅದು ಗಡಸು, ಬೇಳೆ ಬೇಯಲ್ಲ. ಕುಡಿಯುವ ನೀರಿನ ಖರ್ಚು ಬೇರೆ ಬರುತ್ತದೆ. ಮನೆಗೆ ಸಂಪ್ ಇದೆಯಾ, ಎಷ್ಟು ಮನೆಗೆ ಒಂದು ಸಂಪ್, ಅದನ್ನೂ ಕೇಳಿಕೊಳ್ಳಿ.

ಯಾವ ಕಡೆ ನೋಡಬೇಕು ಅಂದರೆ, ದೊಡ್ಡ ಆಸ್ಪತ್ರೆಗಳು ಹಲವು ಸೇಡಂ ರಸ್ತೆಯಲ್ಲೇ ಇವೆ. ನಿಮ್ಮದೂ ಆ ಕಡೆಯೇ ಇದ್ದರೆ ರಸ್ತೆಗೆ ಹೊಂದಿದ ಬಡಾವಣೆಗಳಲ್ಲಿ ಬಾಡಿಗೆ ಜಾಸ್ತಿ. ಸ್ವಲ್ಪ ಒಳಗೆ, ಇಲ್ಲವೇ ಬಸ್ ಓಡಾಡುವ ಬೇರೆ ರಸ್ತೆಯಲ್ಲಿ ನೋಡಿ: ಕುಸನೂರ ರಸ್ತೆ, ರಾಜಾಪುರ, ಆಳಂದ ರಸ್ತೆ. ಹಳೆ ಊರಲ್ಲಿ ಬ್ರಹ್ಮಪುರ, ಶಹಾಬಜಾರ, ಗಾಜೀಪುರ ಕಡೆ ಹಳೆಯ ಮನೆಗಳ ಒಂದೊಂದು ಭಾಗ ಬಾಡಿಗೆಗೆ ಸಿಗುತ್ತದೆ. ಶಕ್ತಿ ಯೋಜನೆಯಿಂದ ನಿಮಗೂ ಅಮ್ಮನಿಗೂ ಬಸ್ ಉಚಿತ, ಹಾಗಾಗಿ ಸ್ವಲ್ಪ ದೂರ ಇದ್ದರೂ ಹಗಲು ಪಾಳಿಗೆ ಖರ್ಚಿಲ್ಲ. ರಾತ್ರಿ ಪಾಳಿಗೆ ಮಾತ್ರ ಬಸ್ ನಂಬಬೇಡಿ. ಆಸ್ಪತ್ರೆಯವರು ಗಾಡಿ ಕಳಿಸುತ್ತಾರಾ ಅಂತ ಕೆಲಸಕ್ಕೆ ಸೇರುವ ಮೊದಲೇ ಕೇಳಿ. ಕಳಿಸಲ್ಲ ಅಂದರೆ ನಡೆದು ಹೋಗುವಷ್ಟು ಹತ್ತಿರವೇ ಮನೆ ಮಾಡಿ, ಬಾಡಿಗೆ 500 ಜಾಸ್ತಿಯಾದರೂ ಪರವಾಗಿಲ್ಲ. ಅಪರಾತ್ರಿಯ ಆಟೋಕ್ಕೆ ಕೊಡುವ ದುಡ್ಡು ಅದಕ್ಕಿಂತ ಜಾಸ್ತಿ ಆಗುತ್ತದೆ.

ಮೊಬೈಲಿನಲ್ಲಿ ಹುಡುಕಿದರೆ ಏಜೆಂಟರ ಮನೆಗಳೇ ಕಾಣೋದು. ಅಗ್ಗದ ಮನೆ ಬಾಯಿಂದ ಬಾಯಿಗೆ ಹೋಗುತ್ತದೆ. ಕಿರಾಣಿ ಅಂಗಡಿ, ಹಿಟ್ಟಿನ ಗಿರಣಿ, ಆಸ್ಪತ್ರೆಯ ಆಯಾಗಳು, ಇವರಿಗೆ ಹೇಳಿಡಿ. ಸಾಧ್ಯವಾದರೆ ಮೊದಲು ನೀವೊಬ್ಬರೇ ಬಂದು ಆಸ್ಪತ್ರೆಯ ಹಾಸ್ಟೆಲ್‌ನಲ್ಲೋ ಲೇಡೀಸ್ ಪಿಜಿಯಲ್ಲೋ ಇದ್ದು, ನಿಧಾನಕ್ಕೆ ನೋಡಿ ಅಮ್ಮನನ್ನು ಕರೆಸಿಕೊಳ್ಳಿ. ಮನೆ ಕಣ್ಣಾರೆ ನೋಡದೆ ಫೋನ್‌ಪೇಯಲ್ಲಿ ಟೋಕನ್ ಅಂತ ಒಂದು ರೂಪಾಯಿಯನ್ನೂ ಹಾಕಬೇಡಿ.

ಇನ್ನೊಂದು ಮಾತು, ಹೇಳಲು ಬೇಜಾರಾಗುತ್ತದೆ. ‘ಯಾವ ಮಂದಿ ನೀವು?’ ಅಂತ ಕೇಳುತ್ತಾರೆ. ದುಡಿಯುವ ಗಂಡಸು ಇಲ್ಲದ ಮನೆ ಅಂದರೆ ಇನ್ನೂ ನಾಲ್ಕು ಪ್ರಶ್ನೆ. ರಾತ್ರಿ ಡ್ಯೂಟಿ ಅಂದರೆ ಮುಖ ನೋಡುತ್ತಾರೆ. ಇದು ತಪ್ಪು, ನೂರಕ್ಕೆ ನೂರು ತಪ್ಪು. ರಾತ್ರಿ ಇಡೀ ರೋಗಿಗಳ ಪಕ್ಕ ಕೂರುವ ಹುಡುಗಿಗೆ ಮನೆ ಕೊಡಲು ಹಿಂದೆಮುಂದೆ ನೋಡುವವರ ಮನೆಯಲ್ಲಿ ನಿಮಗೆ ನೆಮ್ಮದಿ ಇರಲ್ಲ. ಅಂಥ ಕಡೆ ಜಾತಿ ಮುಚ್ಚಿಡೋದು, ಸುಳ್ಳು ಹೇಳೋದು ಬೇಡ. ಸುಮ್ನೆ ಮುಂದಿನ ಮನೆಗೆ ಹೋಗಿ. ನರ್ಸಮ್ಮ ಬಂದರೆ ಒಳ್ಳೆಯದೇ ಆಯಿತು ಅನ್ನುವ ವಯಸ್ಸಾದ ಮಾಲೀಕರೂ ಈ ಊರಲ್ಲಿ ಬೇಕಾದಷ್ಟಿದ್ದಾರೆ.

ತಮ್ಮನಿಗೆ ಸರ್ಕಾರಿ ಹಾಸ್ಟೆಲ್‌ಗೆ ಈಗಲೇ ಅರ್ಜಿ ಹಾಕಿಸಿ. ಹಿಂದುಳಿದ ವರ್ಗದವರಾದರೆ ಬಿಸಿಎಂ ಹಾಸ್ಟೆಲ್, ಪರಿಶಿಷ್ಟರಾದರೆ ಸಮಾಜ ಕಲ್ಯಾಣ ಇಲಾಖೆಯದ್ದು, ಅಲ್ಪಸಂಖ್ಯಾತರಿಗೆ ಅವರದೇ ಇಲಾಖೆಯದ್ದು. ಅವನಿಗೆ ಊಟ, ವಸತಿ ಅಲ್ಲೇ ಆದರೆ ನಿಮಗಿಬ್ಬರಿಗೆ ಒಂದು ರೂಮು, ಅಡುಗೆಮನೆ ಸಾಕು. ಹಿಂದುಳಿದ ವರ್ಗದ ವಿದ್ಯಾರ್ಥಿಗೆ ಹಾಸ್ಟೆಲ್ ಸಿಗದಿದ್ದರೆ ವಿದ್ಯಾಸಿರಿ ಇದೆ. ಊಟ, ವಸತಿಗೆ ಅಂತಲೇ ಕೊಡುವ ದುಡ್ಡು ಅದು. ಯೋಜನೆ ಶುರುವಾದಾಗ ತಿಂಗಳಿಗೆ 1,500ರಂತೆ 10 ತಿಂಗಳಿಗೆ ಕೊಡುತ್ತಿದ್ದರು. ನೀವು ಕೇಳಿದ ಬಾಡಿಗೆ ಸಹಾಯಕ್ಕೆ ತೀರಾ ಹತ್ತಿರದ್ದು ಇದೊಂದೇ. ಅರ್ಜಿ ರಾಜ್ಯದ ವಿದ್ಯಾರ್ಥಿವೇತನದ ಎಸ್‌ಎಸ್‌ಪಿ ಪೋರ್ಟಲ್‌ನಲ್ಲಿ.

ಅಮ್ಮನ ಹೆಸರಲ್ಲಿ ರೇಷನ್ ಕಾರ್ಡ್ ಇದ್ದು ಗೃಹಲಕ್ಷ್ಮಿಯ 2,000 ಬರುತ್ತಿದ್ದರೆ, ಊರು ಬಿಟ್ಟು ಬಂದ ಮಾತ್ರಕ್ಕೆ ಅದು ನಿಲ್ಲಲ್ಲ. ರೇಷನ್ ಕೂಡ ಇಲ್ಲಿನ ನ್ಯಾಯಬೆಲೆ ಅಂಗಡಿಯಲ್ಲೇ ತೆಗೆದುಕೊಳ್ಳಬಹುದು. ಹಾಗೇ ಆಸ್ಪತ್ರೆಯವರು ಇಎಸ್‌ಐ, ಅಂದರೆ ನೌಕರರ ವಿಮೆ ಕಟ್ಟುತ್ತಾರಾ ಕೇಳಿ. 21,000ದ ಒಳಗಿನ ಸಂಬಳದವರಿಗೆ ಅದು ಅನ್ವಯ. ನಿಮ್ಮನ್ನೇ ನಂಬಿರುವ ಅಮ್ಮನಿಗೂ ಚಿಕಿತ್ಸೆ ಸಿಗುತ್ತದೆ, ಇಎಸ್‌ಐ ಆಸ್ಪತ್ರೆ ಸೇಡಂ ರಸ್ತೆಯಲ್ಲೇ ಇದೆ.

ಕರಾರು ಪತ್ರವನ್ನು ಸಾಮಾನ್ಯವಾಗಿ 11 ತಿಂಗಳಿಗೆ ಬರೆಯುತ್ತಾರೆ, ಅವಧಿ ಒಂದು ವರ್ಷ ದಾಟಿದರೆ ನೋಂದಣಿ ಮಾಡಿಸಬೇಕು ಅಂತ. ಅದರಲ್ಲಿ ಅಡ್ವಾನ್ಸ್ ಎಷ್ಟು, ಬಿಡುವಾಗ ಎಷ್ಟು ದಿನದೊಳಗೆ ವಾಪಸ್, ಸುಣ್ಣಬಣ್ಣಕ್ಕೆ ಎಷ್ಟು ಹಿಡಿಯುತ್ತಾರೆ, ಮೀಟರಿನ ಆರ್‌ಆರ್ ನಂಬರ್ ಏನು, ಎಲ್ಲ ಇರಲಿ. ಕೇಂದ್ರದ 2021ರ ಮಾದರಿ ಬಾಡಿಗೆ ಕಾಯ್ದೆ ಎರಡು ತಿಂಗಳಿಗಿಂತ ಜಾಸ್ತಿ ಅಡ್ವಾನ್ಸ್ ಬೇಡ ಅನ್ನುತ್ತದೆ. ಅದು ಮಾದರಿ ಮಾತ್ರ, ಆದರೂ ಚೌಕಾಸಿಗೆ ಹೇಳಿಕೊಳ್ಳಬಹುದು. ಅಡ್ವಾನ್ಸ್ ಬ್ಯಾಂಕಿನ ಮೂಲಕವೇ ಕೊಡಿ. ಮುಂದೆ ತಕರಾರು ಬಂದರೆ ಕೋರ್ಟ್ ಆವರಣದಲ್ಲಿರುವ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಿ, ಇಲ್ಲವೇ 15100ಕ್ಕೆ ಫೋನ್ ಮಾಡಿ. ಹೆಣ್ಣುಮಕ್ಕಳಿಗೆ ಸಂಬಳ ಎಷ್ಟೇ ಇದ್ದರೂ ಅಲ್ಲಿ ವಕೀಲರ ನೆರವು ಉಚಿತ.