ನೋಡುವ ದೇವರಿಲ್ಲದಿದ್ದರೆ ಒಳ್ಳೆಯದು, ಕೆಟ್ಟದ್ದು ಬರೀ ಅಭಿಪ್ರಾಯವೇ?

ನೀವು ಕೇಳಿದ್ದು ಇದು: ನಮ್ಮನ್ನು ನೋಡುತ್ತಾ ತೀರ್ಪು ಕೊಡುವ ದೇವರೊಬ್ಬ ಇಲ್ಲ ಅಂದುಕೊಂಡರೆ, ಒಳ್ಳೆಯದು ಕೆಟ್ಟದ್ದು ಎಲ್ಲ ಅವರವರ ಅಭಿಪ್ರಾಯ ಆಗಿಬಿಡುತ್ತದೆ ಅಲ್ವಾ? ಅಂಥ ದೇವರನ್ನು ನಾನು ನಂಬುವುದಿಲ್ಲ. ಆದರೂ ಹಾಗೆ ಆಗುವುದಿಲ್ಲ ಅನ್ನುವುದೇ ನನ್ನ ಉತ್ತರ.

ದೇವರ ಆಜ್ಞೆಯಿಂದಲೇ ಒಳ್ಳೆಯದು ಹುಟ್ಟುತ್ತದೆ ಅನ್ನುವುದರಲ್ಲೇ ಒಂದು ತೊಡಕಿದೆ. ಗ್ರೀಸಿನ ಸಾಕ್ರಟೀಸ್ ಯೂಥಿಫ್ರೋ ಅನ್ನುವವನನ್ನು ಕೇಳಿದ ಪ್ರಶ್ನೆಯನ್ನು ಅವನ ಶಿಷ್ಯ ಪ್ಲೇಟೋ ಬರೆದಿಟ್ಟಿದ್ದಾನೆ. ದೇವತೆಗಳು ಮೆಚ್ಚಿದ್ದರಿಂದ ಒಂದು ಕೆಲಸ ಧರ್ಮವಾಗುತ್ತದೋ, ಅಥವಾ ಅದು ಧರ್ಮವಾದ್ದರಿಂದ ದೇವತೆಗಳು ಮೆಚ್ಚುತ್ತಾರೋ? ಮೊದಲನೆಯದು ಸರಿ ಅಂದರೆ, ನಾಳೆ ಮಗುವನ್ನು ಹಿಂಸಿಸುವುದನ್ನು ದೇವರು ಮೆಚ್ಚಿದರೆ ಅದೂ ಧರ್ಮವೇ. ಎರಡನೆಯದು ಸರಿ ಅಂದರೆ, ಧರ್ಮಕ್ಕೆ ಯಾರ ಮೆಚ್ಚುಗೆಯೂ ಬೇಕಿಲ್ಲ.

ನಮ್ಮಲ್ಲಿ ಇದು ಹೊಸ ಮಾತೇನಲ್ಲ. ಜೈನರು ಸೃಷ್ಟಿಕರ್ತನನ್ನು ಒಪ್ಪದೆಯೇ ಅಹಿಂಸೆಯನ್ನು ಎಲ್ಲಕ್ಕಿಂತ ಮೇಲೆ ಇಟ್ಟರು. ಬೌದ್ಧರು ಕೆಟ್ಟದ್ದರ ಬೇರನ್ನು ಲೋಭ, ದ್ವೇಷ, ಮೋಹಗಳಲ್ಲಿ ಹುಡುಕಿದರು. ವೇದವನ್ನೇ ಪ್ರಮಾಣ ಅಂದ ಮೀಮಾಂಸಕರು ಕೂಡ ಕರ್ಮಕ್ಕೆ ಫಲ ಕೊಡಲು ಈಶ್ವರ ಬೇಕು ಅನ್ನಲಿಲ್ಲ.

ಹಾಗಾದರೆ ಒಳ್ಳೆಯದು ಕೆಟ್ಟದ್ದು ಇರುವುದೆಲ್ಲಿ? 1677ರಲ್ಲಿ, ಡಚ್ ತತ್ವಜ್ಞಾನಿ ಸ್ಪಿನೋಜಾ ತೀರಿಕೊಂಡ ಮೇಲೆ ಅಚ್ಚಾದ ಅವನ ಪುಸ್ತಕದಲ್ಲಿ ಒಂದು ಉದಾಹರಣೆ ಬರುತ್ತದೆ. ಒಂದೇ ಸಂಗೀತ ಮಂಕಾಗಿ ಕೂತವನಿಗೆ ಒಳ್ಳೆಯದು, ದುಃಖದಲ್ಲಿರುವವನಿಗೆ ಕೆಟ್ಟದ್ದು, ಕಿವುಡನಿಗೆ ಎರಡೂ ಅಲ್ಲ. ಒಳ್ಳೆಯದು ಅನ್ನುವುದು ಯಾವಾಗಲೂ ಯಾರಿಗೋ ಒಳ್ಳೆಯದು. ಇಷ್ಟು ಕೇಳಿದ ತಕ್ಷಣ ಜನ 'ನೋಡಿ, ಎಲ್ಲ ಅಭಿಪ್ರಾಯ' ಅಂದುಬಿಡುತ್ತಾರೆ. ನಾನು ಒಪ್ಪದಿರುವುದು ಇಲ್ಲೇ. ವಿಷವೂ ಹಾಗೆಯೇ: ಕಲ್ಲಿಗೆ ವಿಷ ಅಂತ ಯಾವುದೂ ಇಲ್ಲ, ಜೀವ ಇರುವುದಕ್ಕೆ ಮಾತ್ರ ಉಂಟು. ಹಾಗಂತ ವಿಷ ಕುಡಿದವನು ಸಾಯುವುದು ಅಭಿಪ್ರಾಯವೇ? ನೋವು ತಿನ್ನುವ ಜೀವ ಇರುವ ತನಕ, ಅದನ್ನು ಬೇಕಂತಲೇ ನೋಯಿಸುವುದು ಕೆಟ್ಟದ್ದೇ. ಗುಲಾಮಗಿರಿ ಸಾವಿರಾರು ವರ್ಷ ಕಾನೂನಿನ ಪ್ರಕಾರವೇ ನಡೆಯಿತು. ಬ್ರೆಜಿಲ್‌ನಲ್ಲಂತೂ 1888ರ ತನಕ ಇತ್ತು. ಒಡೆಯರ ಅಭಿಪ್ರಾಯ, ಪುರೋಹಿತರ ಅಭಿಪ್ರಾಯ ಎಲ್ಲ ಅದರ ಪರವಾಗಿಯೇ ಇದ್ದ ಕಾಲದಲ್ಲೂ ಚಾಟಿಯ ಏಟು ತಿಂದವನಿಗೆ ಅದು ಅನ್ಯಾಯವೇ ಆಗಿತ್ತು. ಅವನನ್ನು ಯಾರೂ ಕೇಳಲಿಲ್ಲ ಅಷ್ಟೆ.

ಇನ್ನು ಕೆಡುಕು. 1755ರ ನವೆಂಬರ್ 1ರಂದು ಪೋರ್ಚುಗಲ್ಲಿನ ಲಿಸ್ಬನ್‌ನಲ್ಲಿ ಭೂಕಂಪವಾಯಿತು. ಅವತ್ತು ಹಬ್ಬ. ಪ್ರಾರ್ಥನೆಗೆ ಸೇರಿದ್ದವರ ಮೇಲೆಯೇ ಚರ್ಚುಗಳು ಕುಸಿದವು. ದೇವರು ಇದನ್ನು ಯಾಕೆ ಬಿಟ್ಟ ಅಂತ ಯುರೋಪಿನ ಚಿಂತಕರು ವರ್ಷಗಟ್ಟಲೆ ತಲೆ ಕೆಡಿಸಿಕೊಂಡರು. ನನ್ನ ದೃಷ್ಟಿಯಲ್ಲಿ ಭೂಕಂಪ ಘೋರ ಸಂಕಟ, ಆದರೆ ಕೆಡುಕಲ್ಲ. ಅದರ ಹಿಂದೆ ಮನಸ್ಸಿಲ್ಲ. ಬೇರೆ ರೀತಿ ನಡೆದುಕೊಳ್ಳಲು ಸಾಧ್ಯವಿದ್ದವನು ಹಾಗೆ ನಡೆದುಕೊಳ್ಳದಿದ್ದಾಗಲೇ ಕೆಡುಕು ಅನ್ನಬೇಕು.

ಅದು ರಾಕ್ಷಸರೂಪದಲ್ಲೇ ಬರಬೇಕು ಅಂತಿಲ್ಲ. ಲಕ್ಷಾಂತರ ಯಹೂದಿಗಳನ್ನು ಸಾವಿನ ಶಿಬಿರಗಳಿಗೆ ಸಾಗಿಸುವ ವ್ಯವಸ್ಥೆ ನೋಡಿಕೊಂಡಿದ್ದ ನಾಜಿ ಅಧಿಕಾರಿ ಐಖ್‌ಮನ್‌ನ ವಿಚಾರಣೆ 1961ರಲ್ಲಿ ಜೆರುಸಲೇಮ್‌ನಲ್ಲಿ ನಡೆಯಿತು. ಮೇಲಿನವರ ಆಜ್ಞೆ ಪಾಲಿಸಿದೆ ಅಂತಲೇ ಅವನು ವಾದಿಸಿದ. ಕೋರ್ಟಿನಲ್ಲಿ ಕೂತು ನೋಡಿದ ಚಿಂತಕಿ ಹನ್ನಾ ಅರೆಂಟ್‌ಗೆ ಕಂಡಿದ್ದು ಎದುರಿಗಿರುವವರ ಜಾಗದಲ್ಲಿ ನಿಂತು ಯೋಚಿಸಲಾರದ ಒಬ್ಬ ಸಾಮಾನ್ಯ ಮನುಷ್ಯ. ಅವನಲ್ಲಿ ದ್ವೇಷವೂ ಜಾಸ್ತಿಯೇ ಇತ್ತು ಅಂತ ಆಮೇಲಿನ ಇತಿಹಾಸಕಾರರು ತೋರಿಸಿದ್ದಾರೆ. ಆದರೂ ಆಕೆಯ ಮಾತನ್ನು ನಾನು ಕೈಬಿಡಲಾರೆ. ಆಜ್ಞೆ ಎಷ್ಟೇ ಮೇಲಿನಿಂದ ಬಂದಿರಲಿ, ನೋಯುವವನ ಕಡೆ ನೋಡದೆ ಪಾಲಿಸಿದರೆ ಏನಾಗುತ್ತದೆ ಅಂತ ಅದು ತೋರಿಸುತ್ತದೆ.

ದೇವರಿಲ್ಲ ಅಂದಾಗ ಕಳೆದುಕೊಳ್ಳುವುದೂ ಇದೆ, ಅದನ್ನು ಮುಚ್ಚಿಡುವುದಿಲ್ಲ. ಕೊನೆಗೊಮ್ಮೆ ಎಲ್ಲ ಸರಿಹೋಗುತ್ತದೆ ಅನ್ನುವ ಭರವಸೆ ಹೋಗುತ್ತದೆ. ಅನ್ಯಾಯವಾಗಿ ಸತ್ತ ಮಗುವಿಗೆ ಬೇರೆ ಲೋಕದಲ್ಲಿ ಪರಿಹಾರ ಸಿಗುತ್ತದೆ ಅಂತ ಅದರ ತಾಯಿಗೆ ನಾನು ಹೇಳಲಾರೆ. ಇದು ನನಗೆ ತುಂಬಾ ಭಾರವಾದ ವಿಷಯ. ಆದರೆ ಆಗ ಹೋಗುವುದು ಆ ಭರವಸೆ, ಅನ್ಯಾಯ ಅನ್ಯಾಯವಾಗಿಯೇ ಉಳಿಯುತ್ತದೆ.

ನಂಬಿಕೆ ಬೇರೆ ಬೇರೆ ಇರುವವರು ಒಟ್ಟಿಗೆ ಯಾವುದರ ಮೇಲೆ ನಿಲ್ಲಬೇಕು ಅಂತಲೂ ಕೇಳಿದ್ದೀರಿ. ಮಹಾಯುದ್ಧ ಮುಗಿದ ಮೇಲೆ ವಿಶ್ವಸಂಸ್ಥೆ ಮಾನವ ಹಕ್ಕುಗಳ ಘೋಷಣೆ ಬರೆಯುವಾಗ ಇದೇ ಪ್ರಶ್ನೆ ಎದ್ದಿತ್ತು. ಮನುಷ್ಯ ದೇವರ ರೂಪದಲ್ಲಿ ಸೃಷ್ಟಿಯಾದವನು ಅಂತ ಸೇರಿಸೋಣ ಎಂದು ಬ್ರೆಜಿಲ್ ಕೇಳಿತು. ಕೊನೆಗೆ ಅದನ್ನು ಸೇರಿಸಲಿಲ್ಲ. ಎಲ್ಲರೂ ಹುಟ್ಟಿನಿಂದ ಸ್ವತಂತ್ರರು, ಘನತೆಯಲ್ಲಿ ಸಮಾನರು ಅಂತಷ್ಟೇ ಬರೆದರು. 1948ರ ಡಿಸೆಂಬರ್ 10ರಂದು 48 ದೇಶಗಳು ಪರವಾಗಿ ಮತ ಹಾಕಿದವು. 8 ದೇಶಗಳು ಮತ ಹಾಕದೆ ಉಳಿದವು. ವಿರುದ್ಧವಾಗಿ ಒಂದೂ ಮತ ಬೀಳಲಿಲ್ಲ.